ಸಿಟಿ ಬಸ್, ಟ್ರಾಮ್, ಮೆಟ್ರೊ ನಡೆಸುವ ಕಂಪ್ಯೂಟರ್ ಗೇಮ್ ಆಡಿದವರು ಯಾರಾದರೂ ಇದ್ದೀರಾ? ಹೇಗಿದೆ, ಬರೀ ಟೈಂಪಾಸಾ? ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್, ಓಡುತ್ತಾ? ಸಿಟಿ ಬಸ್ಸುಗಳು ಯಾಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಆಟದಿಂದ ತಿಳಿಯುತ್ತಾ?

ನಾನಿದ್ದೇನೆ. ಆಡಿದ್ದೇನೆ, ಈಗಲೂ ಬಿಡುವಾದಾಗ ಆಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆ ಇದೆ. ಇಂಥ ಆಟದಲ್ಲಿ ಏನಾದರೂ ತಿರುಳು ಇದೆಯಾ, ಇಲ್ಲ ಬರೀ ಟೈಂಪಾಸಾ? ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಾ? ಸಿಟಿ ಬಸ್ಸು ಅರ್ಧ ಗಂಟೆ ನಾಪತ್ತೆಯಾಗಿ ಆಮೇಲೆ ಮೂರು ಒಟ್ಟಿಗೆ ಯಾಕೆ ಬರುತ್ತವೆ ಅಂತ ಆಟದಿಂದ ತಿಳಿಯುತ್ತಾ? ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಿಳಿಯುತ್ತದೆ. ನನ್ನ ಪ್ರಕಾರ ಈ ಆಟಗಳನ್ನು ಆಡಬೇಕಾದ್ದೇ ಅದಕ್ಕೆ.

ನಾನು ಹೆಚ್ಚು ಆಡಿರುವುದು ಸಿಟೀಸ್ ಇನ್ ಮೋಷನ್. ಫಿನ್ಲೆಂಡಿನ ಟಾಂಪೆರೆ ಊರಿನ ಕೊಲಾಸಲ್ ಆರ್ಡರ್ ಅನ್ನುವ ಸಣ್ಣ ತಂಡ ಮಾಡಿದ್ದು. 2011ರ ಫೆಬ್ರವರಿಯಲ್ಲಿ ಬಂತು. (ಬೆಂಗಳೂರಿನಲ್ಲಿ ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದೂ ಅದೇ ವರ್ಷ, ಅಕ್ಟೋಬರ್ 20ಕ್ಕೆ.) ಮುಂದೆ 2015ರಲ್ಲಿ ಸಿಟೀಸ್ ಸ್ಕೈಲೈನ್ಸ್ ಮಾಡಿ ಹೆಸರಾದದ್ದು ಇದೇ ತಂಡ. ಆ ಆಟ ನೀವು ಕೇಳಿರಬಹುದು. ಅದರಲ್ಲಿ ಊರನ್ನೇ ಕಟ್ಟಬೇಕು. ಇದರಲ್ಲಿ ಹಾಗಲ್ಲ. ಊರು ಮೊದಲೇ ಇರುತ್ತದೆ. ವಿಯೆನ್ನಾ, ಹೆಲ್ಸಿಂಕಿ, ಬರ್ಲಿನ್, ಆಮ್‌ಸ್ಟರ್‌ಡ್ಯಾಮ್ ಅಂತ ನಾಲ್ಕು ಊರು. ಕಾಲ 1920ರಿಂದ 2020ರವರೆಗೆ. ನಿಮ್ಮ ಕೆಲಸ ಒಂದೇ: ಜನರನ್ನು ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಸಾಗಿಸುವುದು. ಬಸ್, ಟ್ರಾಮ್, ಮೆಟ್ರೊ, ದೋಣಿ ಇವೆ. ಹೆಲಿಕಾಪ್ಟರ್ ಕೂಡ ಇದೆ! ಅದು ಯಾಕೆ ಇದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಡುವ ರೀತಿ ಸರಳ. ರಸ್ತೆ ಬದಿಯಲ್ಲಿ ಸ್ಟಾಪ್ ಇಡುತ್ತೀರಿ. ಸ್ಟಾಪ್‌ಗಳನ್ನು ಒಂದಾದ ಮೇಲೊಂದು ಒತ್ತುತ್ತಾ ರೂಟ್ ಮಾಡುತ್ತೀರಿ. ಹೋಗುವ ದಾರಿ ಮಾತ್ರ ಮಾಡಿದರೆ ಸಾಲದು, ಬಸ್ಸು ಶುರುವಾದ ಜಾಗಕ್ಕೆ ವಾಪಸ್ ಬರಬೇಕು. ಆಮೇಲೆ ಬಸ್ ಕೊಂಡು ಬಿಡುತ್ತೀರಿ. ಪ್ರತಿ ಸ್ಟಾಪ್‌ಗೂ ಒಂದು ವ್ಯಾಪ್ತಿ ಇರುತ್ತದೆ. ಅದರೊಳಗಿನ ಜನ ಮಾತ್ರ ನಡೆದುಕೊಂಡು ಬರುತ್ತಾರೆ. ಕಾರ್ಖಾನೆ ಕೆಲಸದವರು, ಆಫೀಸಿನವರು, ವಿದ್ಯಾರ್ಥಿಗಳು, ನಿವೃತ್ತರು, ಪ್ರವಾಸಿಗರು ಅಂತ ಬೇರೆ ಬೇರೆ ಗುಂಪಿನ ಜನ. ಒಬ್ಬೊಬ್ಬರಿಗೂ ಹೋಗಬೇಕಾದ ಜಾಗ ಬೇರೆ. ನಿಮ್ಮ ಬಸ್ ಅವರಿಗೆ ಅನುಕೂಲವಾಗದಿದ್ದರೆ ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ, ಕಾರು ತೆಗೆಯುತ್ತಾರೆ. ಆ ಕಾರುಗಳು ಅದೇ ರಸ್ತೆಗೆ ಬರುತ್ತವೆ, ಅದೇ ರಸ್ತೆಯಲ್ಲಿ ನಿಮ್ಮ ಬಸ್ಸೂ ಸಿಕ್ಕಿಕೊಳ್ಳುತ್ತದೆ. ಆಟ ಚೆನ್ನಾಗಿರುವುದು ಇಲ್ಲೇ.

ಹೊಸದಾಗಿ ಆಡುವವರೆಲ್ಲ ಊರಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದ ರೂಟ್ ಎಳೆಯುತ್ತಾರೆ. ನಕ್ಷೆಯಲ್ಲಿ ನೋಡಲು ಚಂದ. ಎಲ್ಲಿಂದ ಎಲ್ಲಿಗೂ ಒಂದೇ ಬಸ್, ಇನ್ನೇನು ಬೇಕು ಅಂತ ಅನ್ನಿಸುತ್ತದೆ ಅಲ್ವಾ? ಸ್ವಲ್ಪ ಹೊತ್ತಿಗೆ ಸ್ಟಾಪ್‌ಗಳಲ್ಲಿ ಜನ ತುಂಬಿ ಬೈಯಲು ಶುರು ಮಾಡುತ್ತಾರೆ. ಆಗ ಇನ್ನಷ್ಟು ಬಸ್ ಕೊಳ್ಳುತ್ತೀರಿ. ದುಡ್ಡು ಖಾಲಿ. ಜನ ಮಾತ್ರ ಅಲ್ಲೇ ನಿಂತಿರುತ್ತಾರೆ.

ಇದರ ಹಿಂದಿನ ಲೆಕ್ಕ ಬಹಳ ಸಣ್ಣದು. ಒಂದು ಬಸ್ಸು ಹೊರಟು ವಾಪಸ್ ಬರಲು ಎಷ್ಟು ನಿಮಿಷ ಬೇಕೋ ಅದನ್ನು ಬಸ್ಸುಗಳ ಸಂಖ್ಯೆಯಿಂದ ಭಾಗಿಸಿ. ಎರಡು ಬಸ್ಸಿನ ನಡುವಿನ ಅಂತರ ಬರುತ್ತದೆ. ಒಂದು ಸುತ್ತಿಗೆ 120 ನಿಮಿಷ, ಬಸ್ಸು 10 ಅಂದರೆ 12 ನಿಮಿಷಕ್ಕೊಂದು ಬಸ್. ಸಂಜೆ ಟ್ರಾಫಿಕ್ ಜಾಮ್ ಆಗಿ ಅದೇ ಸುತ್ತು 180 ನಿಮಿಷ ಆಯಿತು ಅಂದುಕೊಳ್ಳಿ. ಈಗ 18 ನಿಮಿಷಕ್ಕೊಂದು. ಮತ್ತೆ 12 ನಿಮಿಷಕ್ಕೆ ತರಬೇಕೆಂದರೆ 15 ಬಸ್ ಬೇಕು. ಅಂದರೆ ಐದು ಬಸ್ಸು, ಐದು ಬಸ್ಸಿನ ಸಿಬ್ಬಂದಿ, ಅಷ್ಟೂ ಡೀಸೆಲ್ ಬರೀ ಜಾಮ್‌ಗೆ ಹೋಯಿತು. ಒಬ್ಬನೇ ಒಬ್ಬ ಪ್ರಯಾಣಿಕನೂ ಜಾಸ್ತಿ ಸಿಗಲಿಲ್ಲ.

ಹೀಗಾಗಿ ಬಸ್ ಎಷ್ಟಿವೆ ಅನ್ನುವುದಕ್ಕಿಂತ ಸುತ್ತು ಎಷ್ಟು ಬೇಗ ಮುಗಿಯುತ್ತದೆ ಅನ್ನುವುದು ಮುಖ್ಯ. ಉದ್ದ ರೂಟನ್ನು ನಡುವೆ ಕತ್ತರಿಸಿ, ಜಾಮ್ ಆಗುವ ಚೌಕ ತಪ್ಪಿಸಿ, ಎರಡು ಗಿಡ್ಡ ರೂಟ್ ಮಾಡಿ ನೋಡಿ. ಬಸ್ಸು ಅಷ್ಟೇ ಇದ್ದರೂ ಸ್ಟಾಪ್ ಖಾಲಿಯಾಗುತ್ತದೆ. ನಡುವೆ ಬಸ್ ಬದಲಿಸಬೇಕಾದ ಜನ ಸ್ವಲ್ಪ ಗೊಣಗುತ್ತಾರೆ, ಆದರೆ ಬೇಗ ಬೇಗ ಬಸ್ ಬಂದರೆ ಹತ್ತುತ್ತಾರೆ.

ಈಗ ಮೂರು ಬಸ್ ಒಟ್ಟಿಗೆ ಬರುವ ವಿಷಯ. ಒಂದು ಬಸ್ ಯಾವುದೋ ಸಿಗ್ನಲ್‌ನಲ್ಲಿ ಎರಡು ನಿಮಿಷ ತಡವಾಯಿತು. ಮುಂದಿನ ಸ್ಟಾಪ್‌ನಲ್ಲಿ ಆ ಎರಡು ನಿಮಿಷಕ್ಕೆ ಇನ್ನಷ್ಟು ಜನ ಕೂಡಿರುತ್ತಾರೆ. ಅವರು ಹತ್ತಲು ಜಾಸ್ತಿ ಹೊತ್ತು, ಬಸ್ಸು ಇನ್ನೂ ತಡ. ಅದರಾಚೆಯ ಸ್ಟಾಪ್‌ನಲ್ಲಿ ಇನ್ನೂ ಜನ. ಹಿಂದೆ ಬರುತ್ತಿರುವ ಬಸ್ಸಿಗೆ ಜನವೇ ಸಿಗುವುದಿಲ್ಲ, ಅದು ಬೇಗ ಬೇಗ ಮುಂದೆ ಬರುತ್ತದೆ. ಕೊನೆಗೆ ತುಂಬಿದ ಬಸ್ಸಿನ ಬಾಲಕ್ಕೆ ಖಾಲಿ ಬಸ್ ಅಂಟಿಕೊಳ್ಳುತ್ತದೆ. ಡ್ರೈವರ್‌ದು ಏನೂ ತಪ್ಪಿಲ್ಲ. ಯಾರೂ ತಡೆಯದೆ ಬಿಟ್ಟರೆ ಯಾವ ಊರಲ್ಲಾದರೂ ಹೀಗೇ ಆಗುವುದು. ನ್ಯೂವೆಲ್ ಮತ್ತು ಪಾಟ್ಸ್ ಅನ್ನುವ ಇಬ್ಬರು ಸಂಶೋಧಕರು 1964ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿದ್ದಾರೆ. ಆಟದಲ್ಲಿ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಒಂದು ರೂಟನ್ನು ಸುಮ್ನೆ ನೋಡುತ್ತಾ ಕೂತರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ಬಸ್ ಸ್ಟಾಪ್‌ನಲ್ಲಿ ನಿಂತವನಿಗೆ ಇದು ಕಾಣುವುದಿಲ್ಲ.

ಇದಕ್ಕೆ ಮದ್ದು ಬಸ್ಸನ್ನು ನಡುವೆ ಒಂದೆರಡು ಕಡೆ ಟೈಮ್ ಬರುವವರೆಗೆ ನಿಲ್ಲಿಸಿ ಬಿಡುವುದು. ಸಿಟೀಸ್ ಇನ್ ಮೋಷನ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ. ವೇಳಾಪಟ್ಟಿ ಅನ್ನುವುದೇ ಇಲ್ಲ! ಆಟದ ದೊಡ್ಡ ಕೊರತೆ ಇದು. 2013ರಲ್ಲಿ ಬಂದ ಎರಡನೇ ಭಾಗದಲ್ಲಿ ವೇಳಾಪಟ್ಟಿ ಇದೆ, ಡಿಪೊ ಇದೆ, ಟಿಕೆಟ್ ವಲಯ ಇದೆ. ಆದರೆ ಅದರ ಊರುಗಳು ಕಟ್ಟುಕಥೆಯವು. ನನಗೆ ಬರ್ಲಿನ್, ವಿಯೆನ್ನಾದ ಬೀದಿಗಳೇ ಇಷ್ಟ, ಹಾಗಾಗಿ ಹಳೆಯದಕ್ಕೇ ಅಂಟಿಕೊಂಡಿದ್ದೇನೆ.

ಆಟದ ಈ ಲೆಕ್ಕ ನಿಜದ ಊರಿಗೂ ಹೊಂದುತ್ತದಾ? ನೀವೇ ನೋಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 10ಕ್ಕೆ ಹಳದಿ ಮೆಟ್ರೊ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ, ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮೂರನ್ನು 25ರಿಂದ ಗುಣಿಸಿ, 75. ಹೋಗಿ, ತಿರುಗಿಕೊಂಡು, ವಾಪಸ್ ಬರಲು ಒಂದೂಕಾಲು ಗಂಟೆ. ಆಗ ಬಹಳ ಜನ "ಇಷ್ಟು ಖರ್ಚು ಮಾಡಿ 25 ನಿಮಿಷ ಕಾಯಿಸ್ತೀರಲ್ಲ" ಅಂದರು. ಹಳಿ ಎಷ್ಟೇ ಚೆನ್ನಾಗಿದ್ದರೂ ರೈಲು ಮೂರೇ ಇದ್ದರೆ ಬೇರೆ ಉತ್ತರ ಬರುವುದಿಲ್ಲ. ರೈಲು ನಾಲ್ಕಾದರೆ 19 ನಿಮಿಷದ ಹತ್ತಿರ, ಐದಾದರೆ 15. ಆಟ ಆಡಿದವರು ಈ ಲೆಕ್ಕವನ್ನು ಬೆರಳಲ್ಲೇ ಮಾಡುತ್ತಾರೆ.

ಇನ್ನೊಂದು ಉದಾಹರಣೆ ಔಟರ್ ರಿಂಗ್ ರಸ್ತೆ. 2019ರಲ್ಲಿ ಅಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ಸಿಗೆಂದೇ ಬೇರೆ ಲೇನ್ ಮಾಡಿದ್ದರು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಲೇನ್ ಹೋಯಿತು. ಕಾರಿನವರು ಆಗ ಗೊಣಗಿದ್ದು ನೆನಪಿರಬಹುದು. ಆದರೆ ಮೇಲಿನ ಲೆಕ್ಕ ಇಟ್ಟುಕೊಂಡು ಯೋಚಿಸಿ. ಲೇನ್ ಅಂದರೆ ಒಂದು ಹೊಸ ಬಸ್ಸೂ ಕೊಳ್ಳದೆ ಸುತ್ತಿನ ಸಮಯ ಇಳಿಸುವ ದಾರಿ. 180 ನಿಮಿಷವನ್ನು 120ಕ್ಕೆ ತಂದರೆ ಐದು ಬಸ್ ಪುಕ್ಕಟೆ ಸಿಕ್ಕಿದ ಹಾಗೆ.

ಆಟವನ್ನು ಜಾಸ್ತಿ ನಂಬಲೂ ಬೇಡಿ. ಅದರಲ್ಲಿ ದುಡ್ಡಿದ್ದರೆ ಸಾಕು, ಮೌಸ್ ಒತ್ತಿದರೆ ಸುರಂಗ ತಯಾರು. ಜಾಗ ಬಿಡಿಸಿಕೊಳ್ಳುವುದು, ಕೋರ್ಟು ಕೇಸು, ಟೆಂಡರ್, ಮಧ್ಯದಲ್ಲಿ ಬಂಡೆ ಸಿಕ್ಕಿ ಯಂತ್ರ ನಿಲ್ಲುವುದು ಇವೆಲ್ಲ ಇಲ್ಲ. ಚುನಾವಣೆಯೂ ಇಲ್ಲ. ಟಿಕೆಟ್ ದರ ಏರಿಸಿದರೆ ಜನ ಸ್ವಲ್ಪ ಕಡಿಮೆಯಾಗುತ್ತಾರೆ ಅಷ್ಟೇ, ಯಾರೂ ರಸ್ತೆಗಿಳಿದು ಧರಣಿ ಕೂರುವುದಿಲ್ಲ. ಆಟದ ಕೊನೆಯ ಗುರಿ ಲಾಭ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯಂಥದ್ದು, ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಇರುವಂಥದ್ದು, ಆ ಆಟದ ತಲೆಗೆ ಹೊಳೆಯುವ ವಿಷಯವೇ ಅಲ್ಲ. ಟಿಕೆಟ್ ದುಡ್ಡು ಬರದಿದ್ದರೂ ಜನ ಓಡಾಡಿದ್ದರಿಂದ ಊರಿಗೆ ಏನು ಲಾಭವಾಯಿತು ಅಂತ ಅಳೆಯುವ ಕೋಲು ಅದರಲ್ಲಿ ಇಲ್ಲ. ನನಗೆ ಇದು ದೊಡ್ಡ ತಕರಾರು.

ಲ್ಯಾಪ್‌ಟಾಪ್ ವಿಚಾರಕ್ಕೆ ಬರುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದಿದ್ದೀರಿ. ಹಾಗಿದ್ದರೆ ಮೊದಲು ಮಿನಿ ಮೆಟ್ರೊ ಆಡಿ. ನ್ಯೂಜಿಲೆಂಡಿನವರು ಮಾಡಿದ್ದು, ಕಂಪ್ಯೂಟರಿಗೆ 2015ರಲ್ಲಿ ಬಂತು, ಫೋನಿನಲ್ಲೂ ಸಿಗುತ್ತದೆ. ಬಿಳಿ ಹಾಳೆಯ ಮೇಲೆ ಲಂಡನ್ ಮೆಟ್ರೊ ನಕ್ಷೆಯ ಥರ ಬಣ್ಣದ ಗೆರೆ ಎಳೆಯುವುದಷ್ಟೇ ಕೆಲಸ. ನಿಲ್ದಾಣ ವೃತ್ತ, ತ್ರಿಕೋನ, ಚೌಕ ಅಂತ ಇರುತ್ತವೆ. ತ್ರಿಕೋನದ ಪ್ರಯಾಣಿಕನಿಗೆ ಯಾವುದಾದರೂ ತ್ರಿಕೋನದ ನಿಲ್ದಾಣ ಸಿಕ್ಕರೆ ಸಾಕು. ನಿಲ್ದಾಣದಲ್ಲಿ ಜನ ಮಿತಿ ಮೀರಿ ಕೂಡಿ ಸ್ವಲ್ಪ ಹೊತ್ತು ಹಾಗೇ ಉಳಿದರೆ ಆಟ ಮುಗಿಯಿತು. ವಾರಕ್ಕೊಮ್ಮೆ ಒಂದು ಹೊಸ ಎಂಜಿನ್ ಕೊಡುತ್ತಾರೆ, ಜೊತೆಗೆ ಬೋಗಿ ಬೇಕಾ, ಸುರಂಗ ಬೇಕಾ, ಹೊಸ ಮಾರ್ಗ ಬೇಕಾ ಅಂತ ಆರಿಸಲು ಬಿಡುತ್ತಾರೆ. ಒಂದೇ ಕಿವಿಮಾತು: ಒಂದು ಗೆರೆಯಲ್ಲಿ ಸಾಲಾಗಿ ವೃತ್ತಗಳನ್ನೇ ಪೋಣಿಸಬೇಡಿ. ವೃತ್ತಗಳಲ್ಲಿ ಕಾಯುವ ತ್ರಿಕೋನ, ಚೌಕದವರೆಲ್ಲ ರೈಲಿನಲ್ಲೇ ಉಳಿದು ಸೀಟು ತುಂಬುತ್ತಾರೆ, ಹೊಸಬರಿಗೆ ಜಾಗ ಇರುವುದಿಲ್ಲ. ಆಕಾರಗಳು ಒಂದಾದ ಮೇಲೊಂದು ಬದಲಾಗುವಂತೆ ಗೆರೆ ಎಳೆಯಿರಿ.

ಪೂರ್ತಿ ಉಚಿತವಾಗಿ ಬೇಕಾದರೆ ಓಪನ್‌ಟಿಟಿಡಿ ಅಂತ ಸಾರಿಗೆ ಕಂಪನಿ ನಡೆಸುವ ಆಟ ಇದೆ. ಬಹಳ ಹಳೆಯ ಯಂತ್ರದಲ್ಲೂ ಓಡುತ್ತದೆ. ಆದರೆ ಅದರಲ್ಲಿ ದೂರ ಹೋದಷ್ಟೂ ದುಡ್ಡು, ಹಾಗಾಗಿ ಊರೊಳಗಿನ ಬಸ್ಸಿಗಿಂತ ಊರಿಂದೂರಿಗೆ ಹೋಗುವ ರೈಲಿಗೇ ಮಜಾ ಜಾಸ್ತಿ. ಬಸ್ ಓಡಿಸುವ ಡ್ರೈವರ್ ಆಗಬೇಕು ಅಂತಿದ್ದರೆ ಅದು ಬೇರೆಯೇ ಜಾತಿಯ ಆಟ. ಆಮ್ಸಿ ಅನ್ನುವುದರಲ್ಲಿ ಪಶ್ಚಿಮ ಬರ್ಲಿನ್‌ನ ಸ್ಪಾಂಡೌ ಭಾಗದಲ್ಲಿ ಡಬಲ್ ಡೆಕರ್ ಓಡಿಸಬಹುದು, ಚಿಲ್ಲರೆ ಕೂಡ ನೀವೇ ಕೊಡಬೇಕು.

ಸಿಟೀಸ್ ಇನ್ ಮೋಷನ್ 2011ರದ್ದು, ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ತೀರಾ ಹಳತಲ್ಲದಿದ್ದರೆ ಗ್ರಾಫಿಕ್ಸ್ ಕಡಿಮೆ ಮಾಡಿ ಆಡಬಹುದು. ಮೊದಲಿಗೆ ಮೆಟ್ರೊಗೆ ಕೈ ಹಾಕಬೇಡಿ, ಸಾಲ ತಲೆ ಮೇಲೆ ಬರುತ್ತದೆ. ಮನೆಗಳು ಒತ್ತಾಗಿರುವ ಒಂದು ಬಡಾವಣೆ, ಕೆಲಸ ಇರುವ ಒಂದು ಜಾಗ, ನಡುವೆ ಒಂದು ಗಿಡ್ಡ ಟ್ರಾಮ್. ಅದು ಲಾಭಕ್ಕೆ ಬಂದ ಮೇಲೆ ಎರಡನೆಯದು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಕೊಂಡ ದಿನವೇ ಬರ್ಲಿನ್ ನಕ್ಷೆ ತೆರೆದು, ಟ್ರಾಫಿಕ್ ಜಾಸ್ತಿ ಇರುವ ಕಡೆ ಕ್ಯಾಮೆರಾ ಇಟ್ಟು, ಆಟ ತಡವರಿಸುತ್ತದಾ ಅಂತ ನೋಡಿಬಿಡಿ. ಅಲ್ಲಿ ಸರಿಯಾಗಿ ಓಡಿದರೆ ಮಿಕ್ಕ ಊರುಗಳಲ್ಲೂ ಓಡುತ್ತದೆ.