ಹಳೆ ಪಿಕಪ್ಪಿನ ಮೂತಿ ಎಷ್ಟು ತಗ್ಗಬೇಕು?

ಪ್ರಶ್ನೆ: 1951ರ ಶೆವ್ರೊಲೆ 3100 ಪಿಕಪ್ ಮತ್ತೆ ಕಟ್ಟುತ್ತಿದ್ದೇನೆ. ಮುಂದಿನ ಆಕ್ಸಲ್, ಲೀಫ್ ಸ್ಪ್ರಿಂಗ್ ತೆಗೆದು ಫೋರ್ಡ್ ಮಸ್ಟಾಂಗ್ 2 ಕಾರಿನ ಮಾದರಿಯ ಸಸ್ಪೆನ್ಷನ್ ಕಿಟ್ ಕೂರಿಸಬೇಕು. ಗಾಡಿ ಚೆನ್ನಾಗಿ ತಗ್ಗಿ ನಿಲ್ಲಬೇಕು. ಎತ್ತರ ಹೇಗೆ ತೀರ್ಮಾನಿಸಲಿ?
– ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ಸ್ಪ್ರಿಂಗ್ ವಿಚಾರ ಕೊನೆಗಿರಲಿ. ಎತ್ತರ ತೀರ್ಮಾನವಾಗುವುದು ಕ್ರಾಸ್‌ಮೆಂಬರನ್ನು, ಅಂದರೆ ಸಸ್ಪೆನ್ಷನ್ ಹೊರುವ ಅಡ್ಡತೊಲೆಯನ್ನು, ಫ್ರೇಮಿಗೆ ವೆಲ್ಡ್ ಮಾಡುವ ದಿನ. ಆದ್ದರಿಂದ ಟೈರು, ರಿಮ್ಮು ಮೊದಲೇ ಕೊಂಡಿಟ್ಟುಕೊಳ್ಳಿ. 205/70 ಆರ್15 ಟೈರಿನ ವ್ಯಾಸ 668 ಮಿ.ಮೀ., ಅರ್ಧ 334. ಭಾರ ಬಿದ್ದು ಟೈರು ಕುಗ್ಗಿದಾಗ ಸ್ಪಿಂಡಲ್ (ಚಕ್ರ ಉರುಳುವ ಗೂಟ) ನೆಲದಿಂದ 320 ಮಿ.ಮೀ. ಆಸುಪಾಸಿನಲ್ಲಿರುತ್ತದೆ.

ಹಳೆ ಆಕ್ಸಲ್ ಬಿಚ್ಚುವ ಮುನ್ನ ಅದರ ಮಧ್ಯರೇಖೆಯನ್ನು ಫ್ರೇಮಿನ ಎರಡೂ ಕಡೆ ಗುರುತು ಹಾಕಿ. ಆಮೇಲೆ ಫ್ರೇಮನ್ನು ಸ್ಟ್ಯಾಂಡುಗಳ ಮೇಲೆ ನಿಮಗೆ ಬೇಕಾದ ನಿಲುವಿಗೇ ಏರಿಸಿ, ಮಡ್‌ಗಾರ್ಡ್ ತೂಗುಹಾಕಿ ಚಕ್ರ ಇಟ್ಟು ನೋಡಿ. ಸ್ಪ್ರಿಂಗ್ ಇಲ್ಲದೆಯೇ ಚಕ್ರವನ್ನು ಜಾಕಿಯಿಂದ 3 ಇಂಚು ಮೇಲೆತ್ತಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಟೈರು ಎಲ್ಲಾದರೂ ಉಜ್ಜಿದರೆ ನಿಮ್ಮ ಆಸೆ ಅತಿಯಾಯಿತು.

ಆ ನಿಲುವಿನಲ್ಲಿ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಕ್ರಾಸ್‌ಮೆಂಬರಿಗೆ ಜೋಡಿಸುವ ತೋಳು) ನೆಲಕ್ಕೆ ಸಮಾನಾಂತರವಾಗಿರಬೇಕು. ಕ್ರಾಸ್‌ಮೆಂಬರ್ ಕೂರುವ ಜಾಗವನ್ನು ಅದೇ ಹೇಳುತ್ತದೆ. ಆರ್ಮ್ ತುಂಬಾ ಓರೆಯಾಗಿ ನಿಂತರೆ ಪ್ರತಿ ಗುಂಡಿಗೂ ಕ್ಯಾಂಬರ್ (ಚಕ್ರದ ಒಳ-ಹೊರ ಓರೆ) ಬದಲಾಗಿ ಟೈರು ಒಂದೇ ಬದಿ ಸವೆಯುತ್ತದೆ. ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಒಯ್ಯುವ ಟೈ ರಾಡಿನ ಒಳಗಿನ ಕೀಲು ಆರ್ಮಿನ ಕೀಲುಗಳ ಸಾಲಿನಲ್ಲಿ ಇಲ್ಲದಿದ್ದರೆ ಗುಂಡಿ ಬಿದ್ದಾಗ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ.

ಹಲವರು ಎಡವುವುದು ರಸಮಟ್ಟದಲ್ಲಿ. ಕ್ರಾಸ್‌ಮೆಂಬರ್ ನೆಲಕ್ಕೆ ಸಮವಾಗಿರಬೇಕು, ಫ್ರೇಮಿಗಲ್ಲ. 116 ಇಂಚಿನ ವೀಲ್‌ಬೇಸಿನಲ್ಲಿ ಮೂತಿ 2 ಇಂಚು ತಗ್ಗಿದರೆ ಫ್ರೇಮ್ ಸುಮಾರು 1 ಡಿಗ್ರಿ ಬಾಗುತ್ತದೆ. ಫ್ರೇಮಿಗೆ ಸಮ ಮಾಡಿ ಬೆಸೆದರೆ ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷದ ಹಿಂದೊರಗು) ಅಷ್ಟೇ ಕಳೆದುಹೋಗಿ ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಮೊದಲು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಅಳೆದು ನೋಡಿ.

ಇನ್ನೂ ತಗ್ಗಬೇಕೆಂದರೆ 2 ಇಂಚಿನ ಡ್ರಾಪ್ ಸ್ಪಿಂಡಲ್ (ಚಕ್ರದ ಗೂಟ ಅಷ್ಟು ಮೇಲಕ್ಕಿರುವಂಥದ್ದು) ಹಾಕಿ. ಆರ್ಮಿನ ಕೋನ ಕೆಡುವುದಿಲ್ಲ. ಆದರೆ ಗಾಡಿಯ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇಳಿಯಕೂಡದು. ಟೈರು ಒಡೆದ ಕ್ಷಣ ಅದೇ ಭಾಗ ರಸ್ತೆಗೆ ತಾಗುತ್ತದೆ.

ಪ್ರಶ್ನೆ: ಇದೇ ಕಿಟ್ ಕೂರಿಸಿದ್ದೇನೆ, ಮುಂಭಾಗ ಒಂದೂವರೆ ಇಂಚು ಎತ್ತರ ನಿಂತಿದೆ. ಸ್ಪ್ರಿಂಗ್ ಕತ್ತರಿಸಲೇ?

ಉತ್ತರ: ಎಂಜಿನ್, ರೇಡಿಯೇಟರ್, ಬ್ಯಾಟರಿ, ಬಾನೆಟ್ ಎಲ್ಲಾ ಕೂತಿವೆಯೇ? ಇಲ್ಲದಿದ್ದರೆ ಕಾಯಿರಿ. ಕೂತಿದ್ದರೆ ಆರ್ಮಿನ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಹತ್ತಡಿ ಹಿಂದೆ ಮುಂದೆ ತಳ್ಳಿ, ಭಾರ ಚಕ್ರದ ಮೇಲಿರುವಾಗಲೇ ಮತ್ತೆ ಬಿಗಿಮಾಡಿ. ಚಕ್ರ ನೇತಾಡುವಾಗ ಬಿಗಿ ಮಾಡಿದ ರಬ್ಬರ್ ಬುಷ್ (ಆರ್ಮಿನ ಕೀಲಿನೊಳಗಿನ ರಬ್ಬರ್ ಬಳೆ) ಗಾಡಿಯನ್ನು ಎತ್ತಿ ಹಿಡಿದಿರುತ್ತದೆ. ಆಮೇಲೂ ಎತ್ತರವಿದ್ದರೆ ಎರಡೂ ಕಡೆ ಅರ್ಧರ್ಧ ಸುತ್ತು ಮಾತ್ರ ಕತ್ತರಿಸಿ ಅಳೆಯಿರಿ. ಗ್ರೈಂಡರ್ ಬ್ಲೇಡಿನಿಂದ ಕತ್ತರಿಸಿ, ಗ್ಯಾಸ್ ಕಟ್ಟರಿನಿಂದಲ್ಲ. ಕಾದ ಉಕ್ಕು ತನ್ನ ಬಿಗಿ ಬಿಡುತ್ತದೆ.