ಬೈಗುಳಕ್ಕೆ ಲೆಕ್ಕ ತಾಳೆಯಾಗದು

ಪ್ರಶ್ನೆ: ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಜೊತೆಗಿದ್ದ ಇಬ್ಬರು ಬಿಟ್ಟುಹೋದ ಮೇಲೆ ಅವರ ಕೆಲಸವೂ ನನ್ನ ತಲೆಗೇ ಬಿತ್ತು. ಬಿಲ್ ಎಂಟ್ರಿ ಮೊದಲಿಗಿಂತ ಬೇಗ ಮುಗಿಸುತ್ತೇನೆ, ಆದರೆ ಬ್ಯಾಂಕಿನ ಲೆಕ್ಕ ತಾಳೆ ಹಾಕುವಾಗ ದಿನಾ ತಪ್ಪು. ಸಾಹುಕಾರರು ಎಲ್ಲರೆದುರು ಬೈಯುತ್ತಾರೆ. ನಿದ್ದೆ ಇಲ್ಲ, ಕೆಲಸದಲ್ಲಿ ಮನಸ್ಸೂ ಇಲ್ಲ. ನನ್ನ ಜಾಣತನ ಮುಗಿಯಿತಾ? ಬಿಟ್ಟುಬಿಡಲಾ?
– ಓದುಗಿ, ಧಾರವಾಡ

ಉತ್ತರ: ಜಾಣತನ ಎಲ್ಲೂ ಹೋಗಿಲ್ಲ ತಂಗಿ. ಹೋಗಿದ್ದರೆ ಬಿಲ್ ಎಂಟ್ರಿಯೂ ಕೆಡಬೇಕಿತ್ತು, ಅಲ್ವಾ?

1908ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞರಾದ ಯರ್ಕೀಸ್ ಮತ್ತು ಡಾಡ್ಸನ್ ಇಲಿಗಳಿಗೆ ಸಣ್ಣ ಕರೆಂಟ್ ಶಾಕ್ ಕೊಟ್ಟು ನೋಡಿದ್ದರು. ಸುಲಭದ ಪಾಠವನ್ನು ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಕಷ್ಟದ ಪಾಠದಲ್ಲಿ ಮಾತ್ರ ಶಾಕ್ ಮಿತಿ ಮೀರಿದಾಗ ಹಿಂದೆ ಬಿದ್ದವು. (ಸಾಹುಕಾರರ ಕಿವಿಗೆ ಇದನ್ನು ಹಾಕಬೇಡಿ, ಅವರಿಗೆ ಮೊದಲರ್ಧವೇ ಹಿಡಿಸೀತು.) ಬಿಲ್ ಎಂಟ್ರಿಗೆ ಕೈ ಸಾಕು. ತಾಳೆ ಹಾಕಲು ತಲೆ ಬೇಕು. ಒಂದು ಚೆಕ್ಕಿನ ಬೆನ್ನು ಹತ್ತಿ ಕೂತಾಗ ಹಮಾಲಿ ಕೇಳಲು ಒಬ್ಬರು, ಪಟ್ಟಿ ಕೇಳಲು ರೈತರೊಬ್ಬರು, ನಡುವೆ ಫೋನು, ಮೇಲೊಂದು ಬೈಗುಳ. ತಪ್ಪಾಗದೆ ಇನ್ನೇನಾಗುತ್ತದೆ?

ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಜನ ಸೋಲುವುದಿಲ್ಲ. ಕೆಲಸ ಜಾಸ್ತಿಯಾಗಿ, ಯಾವುದನ್ನು ಯಾವಾಗ ಮಾಡಬೇಕೆಂಬ ಹಿಡಿತವೂ ಕೈತಪ್ಪಿದರೆ ಸೋಲುತ್ತಾರೆ. ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲಿ ಹೇಳಿದ್ದೂ ಇದನ್ನೇ. ಹಾಗಾಗಿ ಸಂಬಳಕ್ಕಿಂತ ಮೊದಲು ಆ ಹಿಡಿತ ಕೇಳಿ.

ಮೂವರ ಕೆಲಸವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ತಿಂಗಳ 11ಕ್ಕೆ, 20ಕ್ಕೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ ಇರುತ್ತದೆ, ಆಗ ಬೇಡ. 20 ದಾಟಿದ ಮೇಲೆ, ಹರಾಜು ಮುಗಿದು ಸಾಹುಕಾರರು ಚಹಾ ಕುಡಿಯುವ ಹೊತ್ತಿಗೆ ಹಾಳೆ ಮುಂದಿಡಿ. ‘ಇದರಲ್ಲಿ ಯಾವುದು ಮೊದಲು, ನೀವೇ ಹೇಳಿ’ ಅನ್ನಿ. ಬಿಲ್ ಎಂಟ್ರಿಗೆ ಒಬ್ಬ ಹುಡುಗನನ್ನು ಕೇಳಿ. ಬೆಳಿಗ್ಗೆ ಒಂದು ತಾಸು ಯಾರೂ ಕರೆಯಬಾರದೆಂದು ಕೇಳಿ. ‘ತಪ್ಪಾದರೆ ಒಳಗೆ ಕರೆದು ಹೇಳಿ ಸಾಹುಕಾರ್ರೇ’ ಎನ್ನಲು ಹೆದರಬೇಡಿ. ಅವರಿಗೂ ನಿಮ್ಮಂಥವರು ಸುಮ್ನೆ ಸಿಗುವುದಿಲ್ಲ.

ನಿದ್ದೆಯ ವಿಷಯ ಬೇರೆ. ವಾರಗಟ್ಟಲೆ ಹೀಗೇ ಆದರೆ ತಡೆದುಕೊಂಡು ಕೂರಬೇಡಿ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬಿಡುವ ಮಾತು. ಮುಂದಿನ ರಿಟರ್ನ್ ಬಂದರೂ ಸಾಹುಕಾರರು ಹಾಳೆಯತ್ತ ಕಣ್ಣೆತ್ತಿ ನೋಡದಿದ್ದರೆ ಬಿಡಿ, ನನ್ನ ತಕರಾರಿಲ್ಲ. ಆದರೆ ಸಿಟ್ಟಿನಲ್ಲಿ ಚಿಗರಿ ಬಸ್ ಹತ್ತಿ ಮನೆಗೆ ಬಂದುಬಿಡಬೇಡಿ. ಬೇರೆ ಕಡೆ ಮಾತು ಪಕ್ಕಾ ಮಾಡಿಕೊಳ್ಳಿ, ಅನುಭವ ಪತ್ರ ಕೈಗೆ ಬರಲಿ, ಆಮೇಲೆ ರಾಜೀನಾಮೆ.