ಡಿಫ್ಲಗ್ರೇಶನ್ ಎಂದರೇನು? ಈ ಪದ ಎಲ್ಲಿಂದ ಬಂತು?
ಭಗ್ಗನೆ ಹೊತ್ತಿ, ಪಕ್ಕದ ಪದರಕ್ಕೆ ಶಾಖ ದಾಟಿಸುತ್ತ, ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ಹರಡುವ ಉರಿಯೇ ಡಿಫ್ಲಗ್ರೇಶನ್. ಶಬ್ದದ ವೇಗ ಮೀರಿದರೆ ಅದು ಡಿಟೊನೇಶನ್. ಮೂಲ ಲ್ಯಾಟಿನ್: ‘ಫ್ಲಗ್ರಾರೆ’ ಅಂದರೆ ಉರಿಯುವುದು, ಅದರ ಮೊದಲಿಗೆ ‘ಡೆ’ ಸೇರಿ ‘ಡೆಫ್ಲಗ್ರಾರೆ’ ಆದಾಗ ಪೂರ್ತಿ ಉರಿದುಹೋಗುವುದು.

ಹುಬ್ಬಳ್ಳಿಯ ಹಿಟ್ಟಿನ ಗಿರಣಿ, ಬ್ಯಾಡಗಿಯ ಖಾರದಪುಡಿ ಗಿರಣಿಯವರು ಇದನ್ನು ಅವಶ್ಯ ತಿಳಿದಿರಬೇಕು. ರಾಶಿ ಹಾಕಿದ ಹಿಟ್ಟಿಗೆ ಬೆಂಕಿ ತಗುಲಿದರೆ ಮೇಲ್ಪದರ ಕಮರುತ್ತದೆ, ಅಷ್ಟೇ. ಅದೇ ಹಿಟ್ಟು ಮುಚ್ಚಿದ ಕೋಣೆಯ ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ ಇರುತ್ತದೆ. ಒಂದು ಕಿಡಿ ಸಾಕು, ಬಿಸಿಗಾಳಿ ಹಿಗ್ಗಿ ಗೋಡೆಯನ್ನೇ ಒಡೆಯುತ್ತದೆ. ಮೊದಲ ಹೊಡೆತಕ್ಕೆ ತೊಲೆ, ಅಟ್ಟದ ಮೇಲೆ ಕೂತ ಧೂಳು ಎದ್ದು ಎರಡನೇ ಸಲ ಹೊತ್ತಿಕೊಳ್ಳುತ್ತದೆ. ಬಹಳ ಸಲ ಜೀವ ಹೋಗುವುದು ಇದರಿಂದಲೇ. ಹಾಗಾಗಿ ಆ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಮತ್ತೆ ತೇಲುತ್ತದೆ. ಧೂಳಿಗೆಂದೇ ಮಾಡಿದ, ಕಿಡಿ ಹಾರದ ವ್ಯಾಕ್ಯೂಮ್‌ನಿಂದ ಎಳೆಯಿರಿ.

ಮನೆಯಲ್ಲಿ ಸಿಲಿಂಡರ್ ಗ್ಯಾಸ್ ಗಾಳಿಯಲ್ಲಿ ಸುಮಾರು 2ರಿಂದ 9 ಶೇಕಡಾ ಬೆರೆತಾಗ ಹೀಗೆಯೇ ಹೊತ್ತುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.